ಖಾಲಿ ಜಾಗ

ಶನಿವಾರ ರಾತ್ರಿ ಫೋಮ್ ಶೀಟ್ ಕತ್ತರಿಸಿ, ರೆಕ್ಕೆ ಅಂಟಿಸಿ, ಸರ್ವೋ ಜೋಡಿಸೋದು. ಭಾನುವಾರ ಬೆಳಗ್ಗೆ ಊರಾಚೆ ಹೋಗಿ ರಿಮೋಟಿನಲ್ಲಿ ಹಾರಿಸೋದು. ಇದು ನನ್ನ ಚಟ. ‘ಅಲ್ಲೊಂದು ಖಾಲಿ ಜಾಗ ಇದೆ, ಬಾರೋ’ ಅಂತ ಗೆಳೆಯ ಕರೆದಿದ್ದ.

ಮೂರನೇ ಸುತ್ತಿನಲ್ಲಿ ಸಿಗ್ನಲ್ ಕಡಿದುಹೋಯ್ತು. ಹಾಗಾದಾಗ ಮೋಟಾರ್ ತಾನಾಗಿ ನಿಲ್ಲುವಂತೆ ರಿಸೀವರಿನಲ್ಲಿ ಮೊದಲೇ ಹೊಂದಿಸಿಡಬಹುದು, ಫೇಲ್‌ಸೇಫ್ ಅಂತಾರೆ. ಎರಡು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ. ಒಂದು ಕೆಜಿ ತೂಕದ ವಿಮಾನ ಅದೇ ವೇಗದಲ್ಲಿ ಹೋಗಿ ಪಕ್ಕದ ಹೊಲಕ್ಕೆ ಬಿತ್ತು. ಹತ್ತು ಹೆಜ್ಜೆ ಆಚೆ ಒಬ್ಬರು ಅಜ್ಜಿ ಬಗ್ಗಿ ರಾಗಿ ಕೊಯ್ಯುತ್ತಿದ್ದರು. ಎದ್ದು ಬಂದು, ಮುರಿದ ರೆಕ್ಕೆ ನೋಡಿ, ‘ಅಯ್ಯೋ, ಎಷ್ಟ್ ದುಡ್ಡು ಕೊಟ್ಟಿದ್ಯಪ್ಪಾ ಇದ್ಕೆ?’ ಅಂದರು. ಬೈದಿದ್ದರೆ ಹಗುರಾಗ್ತಿತ್ತು.

ನಾನು ಬೆಳೆದಿದ್ದು ಇಂಥದೇ ಹೊಲದಲ್ಲಿ. ನಮ್ಮವ್ವನೂ ಹೀಗೇ ಬಗ್ಗಿರ್ತಿದ್ಲು. ದೂರದಿಂದ ನೋಡಿದೋರಿಗೆ ಬರೀ ಪೈರು ಕಾಣ್ತಿತ್ತು. ಅಂಥ ನಾನೂ ಅದನ್ನ ಖಾಲಿ ಜಾಗ ಅಂದುಕೊಂಡಿದ್ದೆ.

ದೊಡ್ಡ ವಿಮಾನದ ಪೈಲಟ್ ಅದರೊಳಗೇ ಕೂತಿರ್ತಾನೆ. ತಪ್ಪಿದರೆ ಅವನ ಜೀವವೂ ಹೋಗುತ್ತೆ. ನಮ್ಮದರಲ್ಲಿ ಖುಷಿ ನಮಗೆ, ಅಪಾಯ ಕೆಳಗಿದ್ದೋರಿಗೆ. ಅವರನ್ನ ಯಾರೂ ಕೇಳಿರೋದಿಲ್ಲ. ಶುಕ್ರವಾರ ಸಂಜೆ ಸರಿಯಾಗಿ ಟೆಸ್ಟ್ ಮಾಡದೆ ರಿಲೀಸ್ ಮಾಡಿ ಮನೆಗೆ ಹೋಗ್ತೀವಲ್ಲ, ಅದೂ ಇಷ್ಟೇ.

ಹಾರಿಸೋದು ಬಿಟ್ಟಿಲ್ಲ. ಈಗ ವಿಮಾನವನ್ನ ನೆಲಕ್ಕೆ ಒತ್ತಿ ಹಿಡಿದು, ಮೋಟಾರ್ ಓಡಿಸಿ, ರಿಮೋಟ್ ಆಫ್ ಮಾಡ್ತೀನಿ. ನಿಂತರೆ ಸರಿ. ಆಮೇಲೆ ಸುತ್ತಲಿನ ಹೊಲಗಳ ಬದುವಿನ ಮೇಲೆ ಒಂದು ಸುತ್ತು ನಡೆದು ಬರ್ತೀನಿ. ಯಾರಾದರೂ ಬಗ್ಗಿದ್ದರೆ ಅವತ್ತು ಹಾರಿಸಲ್ಲ.