ಹೃದಯದ ಕಾವೂ ಆತ್ಮನ ಸಾಕ್ಷಿಯೂ



ಬೈತಖೋಲದಲ್ಲಿ ದೋಣಿ ಬಲೆಗಳ ನಡುವೆ ಬೆಳೆದು, ಈಗ ಕೆಲಸದ ನಿಮಿತ್ತ ಬೆಂಗಳೂರಿನಲ್ಲಿ ವಾಸಿಸುವ ಒಬ್ಬ ಯೌವನಸ್ಥನು ರಜೆಯಲ್ಲಿ ಊರಿಗೆ ಬಂದಾಗ ನಮಗೆ ಒಂದು ಪ್ರಶ್ನೆಯನ್ನು ಮಾಡಿದನು. ಆ ಪಟ್ಟಣದಲ್ಲಿ ಮೊರ್ಮೊನ್ನರ ಬೋಧಕರಿಬ್ಬರು ಅವನ ಪರಿಚಯ ಮಾಡಿಕೊಂಡು, ತಮ್ಮ ಪುಸ್ತಕವನ್ನು ಕೈಗೆ ಕೊಟ್ಟು, ನಮ್ಮ ಮಾತಿನ ಮೇಲೆ ನಂಬಬೇಡ, ಇದನ್ನು ಓದಿ ಇದು ನಿಜವೋ ಎಂದು ದೇವರನ್ನೇ ಕೇಳು, ಆತನು ನಿನ್ನ ಹೃದಯದಲ್ಲಿ ಉತ್ತರ ಕೊಡುವನು ಎಂದರಂತೆ. ಅವನು ಹಾಗೆಯೇ ಮಾಡಿದನು. ಒಂದು ರಾತ್ರಿ ಎದೆ ಬೆಚ್ಚಗಾಗಿ ಕಣ್ಣೀರು ಬಂತು. "ಅಯ್ಯಾ, ಇದು ದೇವರ ಉತ್ತರವೋ? ಹೌದಾದರೆ ನಾನು ತಡಮಾಡುವದು ಯಾಕೆ? ಅಲ್ಲವಾದರೆ, ನನ್ನ ತಾಯಿ ಪ್ರಾರ್ಥನೆಯಲ್ಲಿ ಅನುಭವಿಸುವ ಸಮಾಧಾನವೂ ಉತ್ತರವಲ್ಲವೋ?" ಎಂದನು.

ಪ್ರಶ್ನೆಯ ಮೊದಲನೆಯ ಭಾಗಕ್ಕೆ ಅವಸರದ ಉತ್ತರ ಕೊಡುವದು ಸುಲಭ. ಎರಡನೆಯ ಭಾಗವೋ ನಮ್ಮೆಲ್ಲರ ಮನೆಯ ಬಾಗಿಲನ್ನು ತಟ್ಟುತ್ತದೆ. ಆದದರಿಂದ ಇದನ್ನು ಸಾವಧಾನದಿಂದ ವಿಚಾರಿಸತಕ್ಕದ್ದು.

ಮೊದಲು ಆ ಜನರ ವಿಷಯದಲ್ಲಿ ನ್ಯಾಯವಾಗಿ ಮಾತಾಡೋಣ. ಅವರು ತಮ್ಮನ್ನು ಕಡೇ ದಿನಗಳ ಪರಿಶುದ್ಧರ ಯೇಸು ಕ್ರಿಸ್ತನ ಸಭೆಯೆಂದು ಕರೆದುಕೊಳ್ಳುತ್ತಾರೆ. ಅಮೇರಿಕಾದ ಜೋಸೆಫ್ ಸ್ಮಿತ್ ಎಂಬವನು 1830ರಲ್ಲಿ ಮೊರ್ಮೊನನ ಪುಸ್ತಕವನ್ನು ಪ್ರಕಟಿಸಿ ಅದೇ ವರುಷ ಈ ಸಭೆಯನ್ನು ಸ್ಥಾಪಿಸಿದನು. 1850ರ ದಶಕದಲ್ಲಿಯೇ ಅವರ ಬೋಧಕರು ಕಲ್ಕತ್ತೆಗೂ ಬೊಂಬಾಯಿಗೂ ಬಂದಿದ್ದರು. 1993ರಲ್ಲಿ ಬೆಂಗಳೂರು ಅವರ ಮಿಶನಿನ ಕೇಂದ್ರವಾಯಿತು. 2018ರಲ್ಲಿ ಅಲ್ಲಿ ಒಂದು ದೇವಾಲಯವನ್ನು ಕಟ್ಟುವೆವೆಂದು ಪ್ರಕಟಿಸಿ, 2020ರ ದಶಂಬರದಲ್ಲಿ ನೆಲ ಅಗೆದರು. ಅವರಲ್ಲಿ ಕುಡಿತವಿಲ್ಲ, ಸಂಸಾರಪ್ರೀತಿ ಹೆಚ್ಚು. ಎಷ್ಟೋ ಯೌವನಸ್ಥರು ಸಂಬಳವಿಲ್ಲದೆ ದೂರದೇಶಗಳಲ್ಲಿ ಸೇವೆಮಾಡುತ್ತಾರೆ. ಇಂಥವರನ್ನು ಹಾಸ್ಯಮಾಡುವದು ಕ್ರೈಸ್ತನಿಗೆ ಯೋಗ್ಯವಲ್ಲ.

ಅವರು ಬುದ್ಧಿಯನ್ನು ಕಟ್ಟಿಡು ಎಂದು ಹೇಳುವವರೂ ಅಲ್ಲ. ಮೊದಲು ಮನಸ್ಸಿನಲ್ಲಿ ವಿಚಾರಮಾಡಬೇಕು, ಅನಂತರ ಕೇಳಬೇಕು, ಅದು ಸರಿಯಾಗಿದ್ದರೆ ಎದೆಯೊಳಗೆ ಉರಿಯುವ ಅನುಭವವಾಗುವದು ಎಂದು 1829ರಲ್ಲಿ ಸ್ಮಿತ್ತನ ಲೇಖಕನಿಗೆ ಪ್ರಕಟನೆಯಾಯಿತೆಂದು ಅವರು ಬೋಧಿಸುತ್ತಾರೆ. ಯಥಾರ್ಥಹೃದಯದಿಂದ ಕೇಳುವವನಿಗೆ ಪವಿತ್ರಾತ್ಮನು ಸತ್ಯವನ್ನು ತಿಳಿಸುವನೆಂಬ ವಾಗ್ದಾನ ಅವರ ಪುಸ್ತಕದ ಕೊನೆಯಲ್ಲಿದೆ. ಹೀಗೆ ವಿಚಾರವು ಬಾಗಿಲ ತನಕ ಬರುತ್ತದೆ. ತೀರ್ಪನ್ನು ಕೊಡುವದು ಎದೆಯ ಕಾವೇ.

ಇದನ್ನು ಕೇಳಿ ನಾವು ನಗಬಹುದೋ? ಎಮ್ಮಾಹುವಿನ ದಾರಿಯಲ್ಲಿ ನಡೆದ ಇಬ್ಬರು ಶಿಷ್ಯರ ಹೃದಯವೂ ಒಳಗೆ ಕುದಿಯಿತಲ್ಲವೇ? 1738ರ ಮೇ 24ರಂದು ಲಂಡನಿನ ಒಂದು ಚಿಕ್ಕ ಕೂಟದಲ್ಲಿ ಜಾನ್ ವೆಸ್ಲಿಯ ಹೃದಯವು ಬೆಚ್ಚಗಾಯಿತೆಂದು ಅವನೇ ಬರೆದಿಟ್ಟಿದ್ದಾನೆ. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಶನಿನವರೂ ಒಳಗಣ ಅನುಭವವನ್ನು ಬಹಳವಾಗಿ ಎಣಿಸುವ ಭಕ್ತಜನರ ಮಕ್ಕಳೇ. ಆದರೆ ವೆಸ್ಲಿಯು ಆ ರಾತ್ರಿಯ ಕಾವಿನ ಮೇಲೆ ಮನೆ ಕಟ್ಟಲಿಲ್ಲ. ಕೆಲವೇ ತಿಂಗಳುಗಳಲ್ಲಿ, 1739ರ ಜನವರಿಯಲ್ಲಿ, ತನ್ನಲ್ಲಿ ಪ್ರೀತಿಯ ಫಲಗಳು ಕಾಣುವದಿಲ್ಲವೆಂದು ತನ್ನನ್ನೇ ಕಠಿನವಾಗಿ ಪರೀಕ್ಷಿಸಿಕೊಂಡು ಬರೆದನು. ಎಮ್ಮಾಹುವಿನವರ ಹೃದಯವಾದರೋ ಶಾಸ್ತ್ರವು ಬಿಚ್ಚಲ್ಪಡುತ್ತಿದ್ದಾಗ ಕುದಿಯಿತು. ಅವರು ಅದೇ ಗಳಿಗೆಯಲ್ಲಿ ಯೆರೂಸಲೇಮಿಗೆ ಹಿಂತಿರುಗಿ ಬೇರೆ ಸಾಕ್ಷಿಗಳೊಡನೆ ಕೂಡಿದರು. ಕಾವು ಒಂಟಿಯಾಗಿ ನಿಲ್ಲಲಿಲ್ಲ.

ಅದು ಒಂಟಿಯಾಗಿ ನಿಂತರೆ ಏನಾಗುವದೆಂಬದಕ್ಕೆ ಆ ಸಭೆಯ ಚರಿತ್ರೆಯೇ ದೃಷ್ಟಾಂತ ಕೊಡುತ್ತದೆ. 1844ರ ಜೂನಿನಲ್ಲಿ ಸ್ಮಿತ್ತನು ಕೊಲ್ಲಲ್ಪಟ್ಟ ಮೇಲೆ ಹೆಚ್ಚಿನವರು ಬ್ರಿಗಮ್ ಯಂಗನ ಹಿಂದೆ ಹೋದರು. ಜೇಮ್ಸ್ ಸ್ಟ್ರಾಂಗ್ ಎಂಬವನು ತಾನೇ ನೇಮಕವಾದ ಪ್ರವಾದಿಯೆಂದು ಹೇಳಿ, 1845ರಲ್ಲಿ ತಾನೂ ನೆಲದಿಂದ ಬರಹದ ತಗಡುಗಳನ್ನು ತೆಗೆಸಿ ಸಾಕ್ಷಿಗಳಿಗೆ ತೋರಿಸಿದನು. ಮೊರ್ಮೊನನ ಪುಸ್ತಕದ ಮೂವರು ಮುಖ್ಯ ಸಾಕ್ಷಿಗಳಲ್ಲಿ ಒಬ್ಬನಾದ ಮಾರ್ಟಿನ್ ಹ್ಯಾರಿಸನು ಕೆಲವು ಕಾಲ ಇವನ ಪಕ್ಷವನ್ನು ಹಿಡಿದು 1846ರಲ್ಲಿ ಇವನ ಪರವಾಗಿ ಇಂಗ್ಲಂಡಿಗೂ ಹೋದನು. ಯಂಗನ ಜನರೂ ಸ್ಟ್ರಾಂಗನ ಜನರೂ ಪ್ರಾರ್ಥಿಸಿದವರೇ. ಇಬ್ಬರು ಪ್ರವಾದಿಗಳು ಒಬ್ಬರನ್ನೊಬ್ಬರು ಸುಳ್ಳೆನ್ನುವಾಗ ಇಬ್ಬರ ಪಕ್ಷದವರ ಎದೆಯೂ ಬೆಚ್ಚಗಾಗಿದ್ದರೆ, ಯಾವ ಕಾವನ್ನು ನಂಬುವದು? ಎದೆಯು ಅಲ್ಲಿ ತೀರ್ಪುಗಾರನಾಗಲಾರದು.

ಇನ್ನೊಂದು ಸಂಗತಿ. 1835ರಲ್ಲಿ ಸ್ಮಿತ್ತನು ಐಗುಪ್ತದ ಹಳೆಯ ಕಾಗದದ ಸುರುಳಿಗಳನ್ನು ಕೊಂಡುಕೊಂಡು, ಅವುಗಳ ಭಾಷಾಂತರವೆಂದು ಅಬ್ರಹಾಮನ ಪುಸ್ತಕವನ್ನು 1842ರಲ್ಲಿ ಪ್ರಕಟಿಸಿದನು. ಆ ಸುರುಳಿಗಳ ಕೆಲವು ತುಂಡುಗಳು ನ್ಯೂಯಾರ್ಕಿನ ಸಂಗ್ರಹಾಲಯದಲ್ಲಿ ದೊರೆತು 1967ರಲ್ಲಿ ಆ ಸಭೆಗೆ ಒಪ್ಪಿಸಲ್ಪಟ್ಟವು. ಅವು ಸತ್ತವರ ಸಂಗಡ ಇಡುತ್ತಿದ್ದ ಬರಹಗಳೆಂದು ಪಂಡಿತರು ಓದಿದರು. ತುಂಡುಗಳಲ್ಲಿರುವದು ಅಬ್ರಹಾಮನ ಪುಸ್ತಕದ ಮಾತಿಗೆ ಸರಿಹೋಗುವದಿಲ್ಲವೆಂದು 2014ರಲ್ಲಿ ಆ ಸಭೆಯವರೇ ಒಪ್ಪಿ ಬರೆದರು. ಸಿಕ್ಕದೆ ಹೋದ ಭಾಗದಲ್ಲಿ ಅದು ಇದ್ದಿರಬಹುದು, ಅಥವಾ ಸುರುಳಿಗಳು ಪ್ರಕಟನೆಗೆ ನೆವ ಮಾತ್ರವಾಗಿರಬಹುದು ಎಂದು ಅವರು ಸಮಾಧಾನ ಹೇಳುತ್ತಾರೆ. ಅದೇನೇ ಇರಲಿ, ಸುರುಳಿಯಲ್ಲಿ ಏನು ಬರೆದದೆಯೆಂಬ ಪ್ರಶ್ನೆಯನ್ನು ಕಣ್ಣೂ ವಿದ್ಯೆಯೂ ತೀರಿಸಬೇಕೇ ಹೊರತು ಎದೆಯ ಕಾವು ತೀರಿಸಲಾರದು.

ಹಾಗಾದರೆ ಒಳಗಣ ಅನುಭವವನ್ನು ಬಿಸಾಡಬೇಕೋ? ಬೇಡ. ಕಡಲಿನವರಾದ ನೀವು ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ನೆನಸಿರಿ. ಪೌಲನು ಕೂತಿದ್ದ ಹಡಗು ಬಿರುಗಾಳಿಯಲ್ಲಿ ತೇಲುತ್ತಿರಲು, ಹದಿನಾಲ್ಕನೆಯ ರಾತ್ರಿ ನಡುರಾತ್ರಿಯ ಹೊತ್ತಿಗೆ ನಾವಿಕರಿಗೆ ದಡ ಹತ್ತಿರವಾಯಿತೆಂದು ತೋಚಿತು. ಕತ್ತಲೆಯಲ್ಲಿ ಕಣ್ಣಿಗೆ ಏನೂ ಕಾಣದು. ಆದರೂ ತೋಚಿತು, ಮತ್ತು ತೋಚಿದ್ದು ನಿಜವೇ ಆಗಿತ್ತು. ಆಗ ಅವರು ಹಡಗನ್ನು ಓಡಿಸಲಿಲ್ಲ. ಗುಂಡು ಬಿಟ್ಟು ಅಳೆದರು, ಇಪ್ಪತ್ತು ಮಾರು. ತುಸು ಮುಂದೆ ಹೋಗಿ ತಿರಿಗಿ ಅಳೆದರು, ಹದಿನೈದು ಮಾರು. ಬಂಡೆಗೆ ತಾಗೀತೆಂದು ನಾಲ್ಕು ಲಂಗರುಗಳನ್ನು ಬಿಟ್ಟು, ಯಾವಾಗ ಬೆಳಗಾಗುವದೋ ಎಂದು ಕಾದರು. ಹಡಗು ಒಡೆಯಿತು, ಅದರಲ್ಲಿದ್ದ 276 ಮಂದಿಯೋ ಉಳಿದರು.

ತೋಚಿದ್ದನ್ನು ತಳ್ಳಿಬಿಟ್ಟಿದ್ದರೆ ಅವರು ಅಳೆಯುತ್ತಲೇ ಇರಲಿಲ್ಲ. ತೋಚಿದ್ದೇ ಸಾಕೆಂದಿದ್ದರೆ ಕತ್ತಲೆಯಲ್ಲಿ ಬಂಡೆಗೆ ಬಡಿಯುತ್ತಿದ್ದರು. ಕಾರವಾರದ ಹೊರಗಡಲಲ್ಲಿ ದೇವಗಡ ದ್ವೀಪದ ದೀಪಸ್ತಂಭವಿದೆಯಷ್ಟೆ. ಬೈತಖೋಲಕ್ಕೆ ಬರುವ ಯಾವ ತಂಡೇಲನೂ ದೀಪ ಕಂಡಿತೆಂದು ದೋಣಿಯನ್ನು ನೇರವಾಗಿ ಅದಕ್ಕೇ ಬಿಡುವದಿಲ್ಲ. ಯಾಕಂದರೆ ದೀಪವು ಬಂಡೆಯ ಮೇಲೆಯೇ ನಿಂತಿದೆ. ದೀಪವು ಅವನನ್ನು ಎಚ್ಚರಿಸುತ್ತದೆ. ದಾರಿಯನ್ನು ಅವನು ಬೇರೆ ಗುರುತುಗಳೊಡನೆ ಕೂಡಿಸಿ ತಿಳಿಯುತ್ತಾನೆ. ಹೃದಯದ ಕಾವೂ ಹೀಗೆಯೇ. ಅದು ದೇವರು ಸಮೀಪವಾಗಿದ್ದಾನೆಂಬ ಕರೆಯಾಗಿರಬಹುದು. ಒಂದು ಪುಸ್ತಕದ ಅಥವಾ ಒಬ್ಬ ಬೋಧಕನ ಪ್ರತಿಯೊಂದು ಮಾತಿಗೂ ಹಾಕಿದ ಮುದ್ರೆಯೆಂದು ಅದನ್ನು ಎಣಿಸಬಾರದು.

ನಮ್ಮ ಅಳತೆಯ ಗುಂಡು ಯಾವದು? ಸತ್ಯವೇದವೇ. ಬೆರೋಯದವರು ಪೌಲನ ಮಾತನ್ನು ಆತುರದಿಂದ ಕೇಳಿದರೂ ಅದು ಹಾಗೆಯೋ ಎಂದು ದಿನಾಲು ಶಾಸ್ತ್ರವನ್ನು ಶೋಧಿಸಿದರು. ಇದಕ್ಕಾಗಿ ಅವರು ಹೊಗಳಲ್ಪಟ್ಟರು. ತಂದೆಯಾದ ದೇವರಿಗೆ ಮಾಂಸಾಸ್ಥಿಗಳ ಶರೀರವಿದೆಯೆಂದು ಮೊರ್ಮೊನ್ನರು ಕಲಿಸುತ್ತಾರೆ. ದೇವರು ಆತ್ಮಸ್ವರೂಪನೆಂದು ಕರ್ತನು ಸಮಾರ್ಯದ ಹೆಂಗಸಿಗೆ ಕಲಿಸಿದನು. ಇಲ್ಲಿ ಗುಂಡು ಬಂಡೆಗೆ ತಾಗುತ್ತದೆ. ಯೋಹಾನನು ಎಲ್ಲಾ ಆತ್ಮಗಳನ್ನು ನಂಬದೆ ಪರೀಕ್ಷಿಸಬೇಕೆಂದು ಬರೆದದ್ದು ಅನ್ಯರಿಗಲ್ಲ, ಪ್ರಿಯರಾದ ವಿಶ್ವಾಸಿಗಳಿಗೇ. ಅದೇ ಗುಂಡನ್ನು ನಮ್ಮ ಸಭೆಯ ಪ್ರಸಂಗಗಳಿಗೂ, ಉಜ್ಜೀವನಕೂಟಗಳ ಕಣ್ಣೀರಿಗೂ, ಈ ಪತ್ರಿಕೆಗೂ ಬಿಡಿರಿ.

ಬೆಳಗು ಯಾವದು? ಕಾಲವೂ ಫಲವೂ. ಮಂಗಳೂರಿನ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯನೆಂಬ ಬ್ರಾಹ್ಮಣ ಯೌವನಸ್ಥನು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದನು. ಆ ದಿನ ಅವನ ಎದೆ ಎಷ್ಟು ಬೆಚ್ಚಗಿತ್ತೆಂದು ಯಾರೂ ಅಳೆಯಲಾರರು. ಆದರೆ ಅವನು ಬಂಧುಬಳಗದ ಆಶ್ರಯವನ್ನು ಕಳಕೊಂಡರೂ ಹಿಂತಿರುಗಲಿಲ್ಲ. 1851ರಲ್ಲಿ ಬೋಧಕನಾಗಿ ಅಭಿಷೇಕ ಹೊಂದಿ, 1893ರಲ್ಲಿ ತೀರಿಕೊಂಡನು. ಒಂದು ಗಳಿಗೆಯ ಕಾವನ್ನು ಅಳೆಯಲಾಗದು. ನಾಲ್ವತ್ತೊಂಭತ್ತು ವರುಷಗಳನ್ನು ಎಲ್ಲರೂ ಅಳೆಯಬಹುದು.

ಈಗ ಆ ತಾಯಿಯ ವಿಷಯ. ಅವಳ ಸಮಾಧಾನವು ಒಂಟಿಯಾಗಿ ಬಂದದ್ದಲ್ಲ. ಅದು ಕೇಳಿದ ವಾಕ್ಯದಿಂದ ಹುಟ್ಟಿ, ಸಭೆಯಲ್ಲಿ ಬೆಳೆದು, ದೋಣಿ ತಿರಿಗಿ ಬಾರದ ರಾತ್ರಿಗಳಲ್ಲಿ ಪರೀಕ್ಷಿಸಲ್ಪಟ್ಟು, ನೆರೆಯವರಿಗೆ ಅನ್ನವಾಗಿಯೂ ಶತ್ರುಗಳಿಗೆ ಕ್ಷಮೆಯಾಗಿಯೂ ಹೊರಗೆ ಬಂದಿದೆ. ಅವಳು ಗುಂಡು ಬಿಟ್ಟವಳೇ. ಅದರ ಹೆಸರು ಮಾತ್ರ ಅವಳಿಗೆ ತಿಳಿಯದು. ಆದದರಿಂದ ಆ ಮಗನಿಗೆ ನಾವು ಹೇಳಿದ್ದೇನಂದರೆ: "ನಿನ್ನ ಕಣ್ಣೀರಿಗೆ ನಾಚಬೇಡ. ಅವಸರದಿಂದ ಸ್ನಾನಕ್ಕೆ ಇಳಿಯಲೂ ಬೇಡ. ಲಂಗರು ಬಿಡು, ಅಳೆ, ಬೆಳಗಿಗಾಗಿ ಕಾದುಕೋ. ನಿಜವಾದದ್ದು ಕಾಯುವದರಿಂದ ಕೆಡುವದಿಲ್ಲ."

ನಿಮ್ಮಲ್ಲಿ ಯಾರಾದರೂ, ನನ್ನ ಎದೆ ಎಂದೂ ಬೆಚ್ಚಗಾಗಲಿಲ್ಲ, ನಾನು ವಿಶ್ವಾಸಿಯೋ ಎಂದು ಗುಟ್ಟಾಗಿ ದುಃಖಿಸುವದಾದರೆ ಧೈರ್ಯದಿಂದಿರ್ರಿ. ನಮ್ಮನ್ನು ರಕ್ಷಿಸುವದು ಕಾವಲ್ಲ, ಕರ್ತನೇ. ಲಂಗರು ಹಿಡಿದದೆಯೋ ಎಂಬದು ಕೈಯ ಬಿಸಿಯಿಂದ ತಿಳಿಯದು. ಗಾಳಿ ಬಂದಾಗ ದೋಣಿ ನಿಲ್ಲುವದರಿಂದ ತಿಳಿಯುವದು. ತಿಳುವಳಿಕೆಯನ್ನೂ ಹೃದಯವನ್ನೂ ಉಂಟುಮಾಡಿದ ದೇವರು ಇವೆರಡನ್ನೂ ತನ್ನ ವಾಕ್ಯದ ಬೆಳಕಿನಲ್ಲಿ ಒಂದಾಗಿ ಕಾಪಾಡಲಿ.