ಒಂದೇ ಯಂತ್ರ, ಎರಡು ನಂಬಿಕೆ

ಸೊಲ್ಲಾಪುರದ ಸೋನೋಗ್ರಫಿ ಕೇಂದ್ರಗಳಲ್ಲಿ ಒಂದು ಫಲಕ ಇದ್ದೇ ಇರುತ್ತದೆ: ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ತಿಳಿಸುವುದಿಲ್ಲ, ತಿಳಿಸುವುದು ಅಪರಾಧ. ಮರಾಠಿ ಓದಲು ಬಾರದ ಅಕ್ಕಲಕೋಟೆಯ ನಮ್ಮ ಅಜ್ಜಿಯರಿಗೂ ಅದರ ಅರ್ಥ ಗೊತ್ತು.

ಈ ಪಿಡುಗಿನ ವಿರುದ್ಧ ದೇಶದಲ್ಲೇ ಮೊದಲು, 1988ರಲ್ಲಿ, ಕಾನೂನು ಮಾಡಿದ್ದು ಮಹಾರಾಷ್ಟ್ರ. 1994ರಲ್ಲಿ ಕೇಂದ್ರದ ಕಾಯ್ದೆ ಬಂತು. ಆದರೂ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 1991ರಲ್ಲಿ 946 ಇದ್ದ ಹೆಣ್ಣುಮಕ್ಕಳು 2011ರ ಜನಗಣತಿಯಲ್ಲಿ 894ಕ್ಕೆ ಇಳಿದಿದ್ದರು. ಕಾನೂನು ಬಿಗಿಯಾದದ್ದು ಸುಮ್ಮನೆ ಅಲ್ಲ. ಯಂತ್ರಕ್ಕೆ ನೋಂದಣಿ, ಅದನ್ನಿಡುವ ಜಾಗಕ್ಕೆ ನೋಂದಣಿ, ಪ್ರತಿ ಗರ್ಭಿಣಿಯ ಹೆಸರಿನಲ್ಲಿ ಅರ್ಜಿ. ಎಂಬಿಬಿಎಸ್ ವೈದ್ಯರು ಸೋನೋಗ್ರಫಿ ಮಾಡಬೇಕಾದರೆ 2014ರ ನಿಯಮದಂತೆ ಆರು ತಿಂಗಳು, 300 ಗಂಟೆಗಳ ತರಬೇತಿ.

ಈಗ ಯಂತ್ರ ಅಂಗೈಯಗಲಕ್ಕೆ ಬಂದಿದೆ. ಕಲಿತ ವೈದ್ಯರು ಹಾಸಿಗೆಯ ಪಕ್ಕದಲ್ಲೇ ನಿಂತು ಹೃದಯದ ಸುತ್ತ ತುಂಬಿದ ನೀರನ್ನೂ ಅಪಘಾತದಲ್ಲಿ ಹೊಟ್ಟೆಯೊಳಗೆ ಸೋರಿದ ರಕ್ತವನ್ನೂ ಕೆಲವೇ ನಿಮಿಷಗಳಲ್ಲಿ ಗುರುತಿಸಬಲ್ಲರು. ಆದರೆ ಭ್ರೂಣವನ್ನು ತೋರಿಸಬಲ್ಲ ಯಂತ್ರ ಗಂಡಸಿನ ಎದೆ ನೋಡಲಿಕ್ಕೇ ಇದ್ದರೂ ಅದೇ ಕಾನೂನಿಗೆ ಒಳಪಡುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದೇ ಎಂದು ವೈದ್ಯರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಒಳಗೆ ರಕ್ತ ಸೋರುತ್ತಿರುವವನಿಗೆ ಅದು ದೂರದ ದಾರಿ.

ಆದರೂ ಬೀಗ ತೆಗೆಯಿರಿ ಎನ್ನಲು ನನಗೆ ಮನಸ್ಸು ಬಾರದು. ಈ ವಾದದಲ್ಲಿ ವೈದ್ಯರಿಗೆ ಸಂಘವಿದೆ, ರೋಗಿಗೆ ನೆಂಟರಿದ್ದಾರೆ. ಹುಟ್ಟದೇ ಹೋದ ಹೆಣ್ಣುಮಕ್ಕಳ ಪರವಾಗಿ ಬಂದು ನಿಲ್ಲುವವರು ಯಾರು? ಗುಟ್ಟಾಗಿ ಕೇಳುವವರು ಮನೆಯವರೇ ಅಲ್ಲವೇ? ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ ಹಂಚುವ ನಾಡು ನಮ್ಮದು. ಕೆಲವು ಮನೆಗಳಲ್ಲಿ ಬರ್ಫಿಯೂ ಇಲ್ಲ.

1987ರಲ್ಲಿ ಧರ್ಮಸಭೆ 'ದೋನುಮ್ ವಿತೇ' ಎಂಬ ಬೋಧನೆಯಲ್ಲಿ ಗರ್ಭದ ಪರೀಕ್ಷೆಯನ್ನೇ ಪಾಪವೆನ್ನಲಿಲ್ಲ. ತಾಯಿ ಮಗುವಿನ ಹಿತಕ್ಕಾದರೆ ಒಳ್ಳೆಯದು, ಕೊಲ್ಲುವ ಉದ್ದೇಶಕ್ಕಾದರೆ ಘೋರ ತಪ್ಪು ಎಂದಿತು. ಹಾಗಾದರೆ ವೈದ್ಯರಲ್ಲಿ ನಾವು ಇಡುವ ನಂಬಿಕೆ ಎರಡು ಬಗೆಯದು: ಕೈ ಪಳಗಿದೆಯೆಂಬುದು ಒಂದು, ಉದ್ದೇಶ ನೆಟ್ಟಗಿದೆಯೆಂಬುದು ಇನ್ನೊಂದು. ಪ್ರಮಾಣಪತ್ರ ಹೇಳುವುದು ಮೊದಲನೆಯದನ್ನು ಮಾತ್ರ.

ಹಾಗೆಂದು ಅದು ಬರೀ ಕಾಗದವಲ್ಲ. ಅರೆಕಲಿತ ಕೈ 'ಏನೂ ಇಲ್ಲ' ಎಂದುಬಿಟ್ಟರೆ ಮನೆಯವರು ರೋಗಿಯನ್ನು ನೆಮ್ಮದಿಯಿಂದ ಮನೆಗೆ ಕರೆದೊಯ್ಯುತ್ತಾರೆ. ಪರೀಕ್ಷೆಯೇ ಆಗದಿದ್ದರೆ ಅನುಮಾನವಾದರೂ ಉಳಿದು, ಯಾರಾದರೂ ಸೊಲ್ಲಾಪುರದ ಗಾಡಿ ಹತ್ತಿಸುತ್ತಿದ್ದರು. 'ನನಗೆ ಸ್ಪಷ್ಟವಾಗಿ ಕಾಣುತ್ತಿಲ್ಲ, ಮುಂದಕ್ಕೆ ಕರೆದೊಯ್ಯಿರಿ' ಎನ್ನಲು ಕಲಿಯುವುದೂ ಆ 300 ಗಂಟೆಗಳಲ್ಲಿ ಸೇರಿರಬೇಕು. ಎಷ್ಟು ರೋಗಿಗಳನ್ನು ನೋಡಿದರೆಂದು ಪುಸ್ತಕದಲ್ಲಿ ಬರೆಯುವಾಗ, ಎಷ್ಟು ಸಲ ಹೀಗೆ ಹೇಳಿದರೆಂಬುದನ್ನೂ ಬರೆಯಲಿ. ಎದೆ ಮತ್ತು ಗಾಯದ ಪರೀಕ್ಷೆಗಷ್ಟೇ ಬೇರೆ ಕಲಿಕೆ, ಬೇರೆ ಪರವಾನಗಿ ಕೊಟ್ಟು, ಯಂತ್ರದ ಲೆಕ್ಕವನ್ನು ಈಗಿನಷ್ಟೇ ಬಿಗಿಯಾಗಿ ಇಟ್ಟರೆ ತಾಲ್ಲೂಕಿನ ಸರಕಾರಿ ದವಾಖಾನೆಯ ವೈದ್ಯರಿಗೆ ಅದನ್ನು ಕೊಡಲು ನನ್ನ ಅಡ್ಡಿಯಿಲ್ಲ.