ನೀನು ಹೇಳಿದ್ರೆ ಸಾಕು ಅಣ್ಣ



ಇವತ್ತಿನ ಚಿಂತನೆಗೆ ಹಲ್ಲಿನ ವಿಷಯ ತೆಗೆದುಕೊಂಡಿದ್ದೇನೆ. ನಗಬೇಡಿ. ಹಲ್ಲಿನಿಂದ ಶುರುವಾದ ಮಾತು ನನ್ನನ್ನು ಮಜ್ಝಿಮ ನಿಕಾಯದ ತನಕ ಕರೆದುಕೊಂಡು ಹೋಯಿತು.

ನನ್ನ ಚಿಕ್ಕಮ್ಮನ ಮಗ ಮಸ್ಕತ್‌ನಲ್ಲಿ ಎಲೆಕ್ಟ್ರಿಷಿಯನ್. ಹೋದ ವರ್ಷ ಕೆಳಗಿನ ಎರಡು ದವಡೆ ಹಲ್ಲು ಕೀಳಿಸಿದ್ದಾನೆ. ಈಗ ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸಬೇಕು. ಅಲ್ಲಿ ಹೇಳಿದ ದರ ಅವನ ಎರಡು ತಿಂಗಳ ಸಂಬಳದಷ್ಟು. ಏಪ್ರಿಲ್‌ನಲ್ಲಿ 25 ದಿನ ರಜೆ ಇದೆ, ಊರಿಗೆ ಬಂದಾಗ ಇಲ್ಲೇ ಮುಗಿಸಿಕೊಂಡು ಹೋಗೋಣ ಅಂತ ಅವನ ಲೆಕ್ಕ. ಒಂದು ರಾತ್ರಿ ಫೋನ್ ಮಾಡಿದ. "ಅಣ್ಣ, ನಂಬಿಕಸ್ಥ ಡಾಕ್ಟರ್ ಒಬ್ಬರನ್ನ ನೋಡಿ ಇಟ್ಟಿರು. ನಮ್ಮ ವಿಜಯನಗರದ ಕಡೆ ಇದ್ರೆ ಒಳ್ಳೇದು. ನೀನು ಹೇಳಿದ್ರೆ ಸಾಕು, ನಾನು ಬೇರೆ ಏನೂ ವಿಚಾರಿಸಲ್ಲ" ಅಂದ.

ಆ ಕೊನೆಯ ಮಾತು ಕೇಳುವಾಗ ಹೆಮ್ಮೆ ಅನ್ನಿಸಿತು. ಫೋನ್ ಇಟ್ಟ ಮೇಲೆ ಭಾರ ಅನ್ನಿಸಿತು. ಕನ್ನಡ ಪಾಠ ಮಾಡುವ ನನಗೆ ದವಡೆ ಮೂಳೆಯ ಬಗ್ಗೆ ಏನು ಗೊತ್ತು? ದೂರ ಇರುವವನು ಬಂದು ನೋಡಲಾರ, ನನ್ನ ಕಣ್ಣಿನಿಂದ ನೋಡುತ್ತಾನೆ. ನನ್ನ ಕಣ್ಣು ಏನು ಕಂಡಿದೆ?

ಮರುದಿನ ಪರಿಚಯದವರ ವಾಟ್ಸಾಪ್ ಗುಂಪೊಂದರಲ್ಲಿ ಕೇಳಿದೆ. ಅರ್ಧ ಗಂಟೆಯಲ್ಲಿ ಒಂಬತ್ತು ಹೆಸರು ಬಂದವು. "ತುಂಬಾ ಒಳ್ಳೆಯವರು", "ಕೈಗುಣ ಚೆನ್ನಾಗಿದೆ", "ನಮ್ಮವರೇ, ಕಣ್ಣು ಮುಚ್ಚಿಕೊಂಡು ಹೋಗಬಹುದು". ಹೆಸರು ಕೊಟ್ಟವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, "ನೀವು ಅವರ ಹತ್ತಿರ ಇಂಪ್ಲಾಂಟ್ ಹಾಕಿಸಿದ್ದೀರಾ?" ಅಂತ ಕೇಳಿದೆ. ಒಬ್ಬರೂ ಹಾಕಿಸಿರಲಿಲ್ಲ. ಇಬ್ಬರು ಹಲ್ಲು ಕ್ಲೀನ್ ಮಾಡಿಸಿದ್ದರು. ಒಬ್ಬರ ಭಾವನಿಗೆ ಡಾಕ್ಟರ ಸ್ನೇಹಿತರ ಪರಿಚಯ. ಉಳಿದವರು ಬೇರೆ ಯಾರೋ ಹೇಳಿದ್ದನ್ನು ಹೇಳಿದ್ದರು. ಅವರನ್ನು ಆಕ್ಷೇಪಿಸಲು ನನಗೆ ಬಾಯಿಲ್ಲ. ಎರಡು ವರ್ಷದ ಹಿಂದೆ ಇದೇ ಗುಂಪಿನಲ್ಲಿ ನಾನೊಬ್ಬ ಕಣ್ಣಿನ ಡಾಕ್ಟರ ಹೆಸರು ಸೂಚಿಸಿದ್ದೆ. ನಾನು ಕಂಡಿದ್ದು ಅವರ ಬೋರ್ಡನ್ನು ಮಾತ್ರ, ಅದೂ ಬಸ್ಸಿನ ಕಿಟಕಿಯಿಂದ.

ಆಗ ನೆನಪಾದದ್ದು ಮಜ್ಝಿಮ ನಿಕಾಯದ 95ನೆಯದಾದ ಚಂಕಿ ಸುತ್ತ. ಕಾಲಾಮ ಸುತ್ತ ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು, ಇದು ಅಷ್ಟು ಪರಿಚಿತವಲ್ಲ. ಕೋಸಲ ದೇಶದ ಓಪಸಾದ ಎಂಬ ಬ್ರಾಹ್ಮಣರ ಊರಿನಲ್ಲಿ ಹದಿನಾರು ವರ್ಷದ ಕಾಪಠಿಕ ಎಂಬ ಹುಡುಗ ಬುದ್ಧರನ್ನು ಕೇಳುತ್ತಾನೆ: ಪರಂಪರೆಯಿಂದ ಬಂದ ಮಂತ್ರಗಳೇ ಸತ್ಯ, ಉಳಿದದ್ದೆಲ್ಲ ಸುಳ್ಳು ಎಂದು ಬ್ರಾಹ್ಮಣರು ಹೇಳುತ್ತಾರಲ್ಲ, ತಾವೇನು ಹೇಳುತ್ತೀರಿ? ಬುದ್ಧರು ಮರಳಿ ಕೇಳುತ್ತಾರೆ: ಅವರಲ್ಲಿ, ಅವರ ಗುರುಗಳಲ್ಲಿ, ಹಿಂದಿನ ಏಳು ತಲೆಮಾರಿನ ಗುರುಗಳಲ್ಲಿ, ಇದನ್ನು ನಾನೇ ಕಂಡಿದ್ದೇನೆ, ನಾನೇ ಅರಿತಿದ್ದೇನೆ ಎಂದವರು ಒಬ್ಬರಾದರೂ ಇದ್ದಾರೆಯೇ? ಇಲ್ಲ ಎನ್ನುತ್ತಾನೆ ಹುಡುಗ. ಹಾಗಾದರೆ ಇದು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಟ ಕಣ್ಣು ಕಾಣದವರ ಸಾಲು ಎನ್ನುತ್ತಾರೆ ಬುದ್ಧರು. ಮೊದಲಿನವನಿಗೂ ಕಾಣದು, ನಡುವಿನವನಿಗೂ ಕಾಣದು, ಕೊನೆಯವನಿಗೂ ಕಾಣದು.

ಈ ಭಾಗ ಓದಿದಾಗಲೆಲ್ಲ ನಾವು ವೇದದ ಕಡೆ ಬೆರಳು ತೋರಿಸಿ ಖುಷಿಪಟ್ಟಿದ್ದೇವೆ. ನಮ್ಮ ಫಾರ್ವರ್ಡ್‌ಗಳ ಕಡೆ ಬೆರಳು ತಿರುಗಿಸಿದ್ದು ಕಡಿಮೆ. ಒಂಬತ್ತು ಹೆಸರಿನ ಆ ಸಾಲಿನಲ್ಲಿ ಹತ್ತನೆಯವನಾಗಿ ನಾನು ನಿಂತಿದ್ದರೆ, ಹನ್ನೊಂದನೆಯವನಾಗಿ ಮಸ್ಕತ್‌ನ ತಮ್ಮ ನನ್ನ ಭುಜ ಹಿಡಿದುಕೊಳ್ಳುತ್ತಿದ್ದ.

"ನಮ್ಮವರೇ" ಎಂಬ ಮಾತಿಗೆ ಬರುತ್ತೇನೆ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮೇಷ್ಟ್ರ ಪತ್ರವನ್ನು ಸೇರಿಸಿದ್ದಾರೆ. ಅದು 1929ರ ಡಿಸೆಂಬರ್‌ನಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದಿತ್ತು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲೊಪ್ಪಲಿಲ್ಲ. ಆಕೆಯನ್ನು ಹಸುಗೂಸಿನ ಸಮೇತ ಕೇರಿಯಿಂದ ಹೊರಗೆ ಕರೆತರಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟರು, ಅವರು ಮೇಷ್ಟ್ರಿಗೆ ಕೊಟ್ಟರು, ಮೇಷ್ಟ್ರು ಹೆಂಡತಿಗೆ ಕೊಟ್ಟರು. ಅದೇ ದಾರಿಯಲ್ಲಿ ಅದು ವಾಪಸ್ಸು ಹೋಯಿತು. ನ್ಯುಮೋನಿಯಾ ಎಂದು ಹೇಳಿ ಡಾಕ್ಟರು ಹೊರಟರು. ಎರಡು ರೂಪಾಯಿ ಫೀಸು ಕೊಟ್ಟಿದ್ದರೂ ಮತ್ತೆ ಬಂದು ನೋಡಲಿಲ್ಲ. ಆಕೆ ತೀರಿಕೊಂಡರು.

ಮುಟ್ಟದೆ ಚಿಕಿತ್ಸೆ ಕೊಟ್ಟವರ ನೆನಪು ಇರುವ ಜನ ನಾವು. ಹಲ್ಲಿನ ಡಾಕ್ಟರು ಬಾಯೊಳಗೇ ಕೈ ಹಾಕಬೇಕು. ಕುರ್ಚಿಯಲ್ಲಿ ಅಂಗಾತ ಮಲಗಿ ಬಾಯಿ ತೆರೆದಾಗ, ಈ ಮನುಷ್ಯ ನನ್ನನ್ನು ಹೇಗೆ ನೋಡುತ್ತಿದ್ದಾನೆ ಎಂಬ ಅಳುಕು ನಮಗೆ ಬರುವುದು ಸುಳ್ಳಲ್ಲ. ನಮ್ಮವರಿದ್ದರೆ ಆ ಅಳುಕು ಇರುವುದಿಲ್ಲ. ಅದು ದೊಡ್ಡ ಸಮಾಧಾನವೇ. ಆದರೆ ಸಮಾಧಾನ ಬೇರೆ, ಕೈಯ ಕೌಶಲ ಬೇರೆ. ಜಾತಿ ನೋಡಿ ಡಾಕ್ಟರನ್ನು ಆರಿಸಿದರೆ, ಜಾತಿ ಕೇಳಿ ಬಾಡಿಗೆ ಮನೆ ಕೊಡುವವರ ಅಳತೆಗೋಲನ್ನೇ ನಾವೂ ಹಿಡಿದಂತೆ. ಇದಕ್ಕೆ ಇನ್ನೊಂದು ಮುಖವೂ ಇದೆ. "ಮೀಸಲಾತಿ ಡಾಕ್ಟರ್" ಎಂದು ನಮ್ಮ ಮಕ್ಕಳನ್ನು ಹೀಯಾಳಿಸುವವರಿಗೆ, ಹುಟ್ಟು ನೋಡಬೇಡಿ ಕೆಲಸ ನೋಡಿ ಎಂದು ಉತ್ತರಿಸುತ್ತೇವೆ. ಆ ಉತ್ತರಕ್ಕೆ ಬೆಲೆ ಬರಬೇಕಾದರೆ ನಾವೂ ಕೆಲಸವನ್ನೇ ನೋಡಬೇಕು.

ಕೆಲಸ ನೋಡುವುದು ಹೇಗೆ? ಚಂಕಿ ಸುತ್ತದಲ್ಲಿ ಅದಕ್ಕೂ ದಾರಿ ಇದೆ. ಒಬ್ಬರನ್ನು ನಂಬುವ ಮೊದಲು ಮೂರು ವಿಷಯ ಪರೀಕ್ಷಿಸಿ ಎನ್ನುತ್ತಾರೆ ಬುದ್ಧರು: ಲೋಭ, ದೋಸ, ಮೋಹ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವಂತೆ, ಇನ್ನೊಬ್ಬರಿಗೆ ಕೇಡಾಗುವುದನ್ನು ಮಾಡಿಸುವಂತೆ ಮಾಡುವ ಲೋಭ ಇವರಲ್ಲಿ ಇದೆಯೇ? ದ್ವೇಷ ಇದೆಯೇ? ತಿಳಿಗೇಡಿತನ ಇದೆಯೇ? ಇದು ಭಿಕ್ಖುವನ್ನು ಪರೀಕ್ಷಿಸಲು ಹೇಳಿದ ಮಾತು. ಭಿಕ್ಖುವನ್ನೇ ಪರೀಕ್ಷಿಸಬಹುದಾದರೆ ಡಾಕ್ಟರನ್ನು ಯಾಕೆ ಪರೀಕ್ಷಿಸಬಾರದು?

ಒಂಬತ್ತರಲ್ಲಿ ಎರಡು ಕ್ಲಿನಿಕ್‌ಗೆ ನಾನೇ ಹೋದೆ. ಒಂದು ವಿಜಯನಗರದಲ್ಲಿ, ಇನ್ನೊಂದು ಬಸವೇಶ್ವರನಗರದಲ್ಲಿ. ತಮ್ಮ ಕಳಿಸಿದ್ದ ಎಕ್ಸ್‌ರೇ ನನ್ನ ಫೋನಿನಲ್ಲಿತ್ತು.

ಒಂದು ಕಡೆ ಎಕ್ಸ್‌ರೇ ತೋರಿಸುವ ಮೊದಲೇ ದರದ ಹಾಳೆ ಬಂತು. ಫಾರಿನ್‌ನಿಂದ ಬರುವವರಿಗೆ ಪ್ಯಾಕೇಜ್, 25 ದಿನ ಧಾರಾಳ ಸಾಕು, ಈ ವಾರವೇ ಅರ್ಧ ಹಣ ಕಟ್ಟಿದರೆ ರಿಯಾಯಿತಿ. ಯಾವ ಕಂಪನಿಯ ಇಂಪ್ಲಾಂಟ್ ಎಂದು ಕೇಳಿದೆ. "ಇಂಪೋರ್ಟೆಡ್ ಸರ್" ಅಂದರು.

ಇನ್ನೊಂದು ಕಡೆ ಡಾಕ್ಟರು ಎಕ್ಸ್‌ರೇ ನೋಡಿ, "ಇದರಲ್ಲಿ ಮೂಳೆಯ ದಪ್ಪ ಗೊತ್ತಾಗಲ್ಲ, ಸಿಬಿಸಿಟಿ ಸ್ಕ್ಯಾನ್ ನೋಡದೆ ನಾನು ಏನೂ ಹೇಳಲಾರೆ" ಅಂದರು. ಶುಗರ್ ಇದೆಯಾ, ಸಿಗರೇಟ್ ಸೇದುತ್ತಾರಾ, ವಸಡಿನ ತೊಂದರೆ ಇತ್ತಾ ಎಂದು ಕೇಳಿದರು. ಇವೆಲ್ಲ ಇಂಪ್ಲಾಂಟ್ ಸೋಲುವ ಅಪಾಯವನ್ನು ಹೆಚ್ಚಿಸುತ್ತವಂತೆ. ಟೈಟಾನಿಯಂ ತಿರುಪು ಮೂಳೆಯ ಜೊತೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಆಮೇಲೆ ಅದರ ಮೇಲೆ ಹಲ್ಲು. ಕೂಡಲೇ ಹಲ್ಲು ಕೂರಿಸುವ ವಿಧಾನ ಇದ್ದರೂ ಎಲ್ಲರ ಮೂಳೆಗೂ ಅದು ಸರಿಹೋಗದು. "ಎರಡು ರಜೆಯಲ್ಲಿ ಮಾಡಿಸಲಿ. ಅಥವಾ ಅವರಿರುವ ಊರಿನಲ್ಲೇ ಮಾಡಿಸಲಿ, ಸ್ವಲ್ಪ ಜಾಸ್ತಿ ಆದರೂ ಸ್ಕ್ರೂ ಸಡಿಲವಾದರೆ ಹೋಗಿ ತೋರಿಸಲು ಡಾಕ್ಟರ್ ಹತ್ತಿರ ಇರ್ತಾರೆ" ಅಂದರು. ಅಂದರೆ ಬಂದ ಗಿರಾಕಿಯನ್ನು ವಾಪಸ್ಸು ಕಳಿಸಲೂ ಅವರು ತಯಾರಿದ್ದರು.

ಇಬ್ಬರಲ್ಲಿ "ನಮ್ಮವರು" ಯಾರು ಎಂದು ನಾನು ಬರೆಯುವುದಿಲ್ಲ. ಓದುತ್ತಾ ಓದುತ್ತಾ ನೀವು ಊಹಿಸಿದ್ದರೆ, ಆ ಊಹೆ ಎಲ್ಲಿಂದ ಬಂತು ಎಂದು ಒಂದು ಗಳಿಗೆ ಯೋಚಿಸಿ. ನಾನೂ ಯೋಚಿಸಿದೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಜೀವಕನ ಕಥೆ ಇದೆ. ಹುಟ್ಟಿದ ಕೂಡಲೇ ಕಸದ ರಾಶಿಯ ಮೇಲೆ ಎಸೆಯಲ್ಪಟ್ಟ ಮಗು ಅವನು. ಅಭಯ ರಾಜಕುಮಾರ ಎತ್ತಿ ಸಾಕಿದ. ಬೆಳೆದ ಮೇಲೆ ತಕ್ಷಶಿಲೆಯಲ್ಲಿ ಏಳು ವರ್ಷ ವೈದ್ಯ ಕಲಿತು, ಬರುವ ದಾರಿಯಲ್ಲಿ ಸಾಕೇತದಲ್ಲಿ ಇಳಿದುಕೊಂಡ. ಅಲ್ಲಿ ಒಬ್ಬ ಶ್ರೇಷ್ಠಿಯ ಹೆಂಡತಿಗೆ ಏಳು ವರ್ಷದಿಂದ ತಲೆನೋವು. ಹೆಸರಾಂತ ವೈದ್ಯರೆಲ್ಲ ಬಂದು, ಹೊನ್ನು ತೆಗೆದುಕೊಂಡು, ಗುಣಪಡಿಸದೆ ಹೋಗಿದ್ದರು. ಈ ಹುಡುಗ ಏನು ಮಾಡಿಯಾನು ಎಂದು ಆಕೆ ಬೇಡವೆಂದಳು. ಜೀವಕ ಹೇಳಿ ಕಳಿಸಿದ: ಮೊದಲು ಏನೂ ಕೊಡಬೇಡಿ, ಗುಣವಾದ ಮೇಲೆ ನಿಮಗೆ ತೋಚಿದಷ್ಟು ಕೊಡಿ. ಆಕೆ ಗುಣವಾದಳು. ಇದೇ ಜೀವಕ ಮುಂದೆ ಬುದ್ಧರಿಗೂ ಭಿಕ್ಖು ಸಂಘಕ್ಕೂ ವೈದ್ಯನಾದ.

ಇವತ್ತಿನ ಡಾಕ್ಟರು ಹಾಗೇ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಅವರು ಸಾಮಾನು ಕೊಳ್ಳಬೇಕು, ಲ್ಯಾಬಿಗೆ ಕೊಡಬೇಕು. ಅಡ್ವಾನ್ಸ್ ಕೇಳುವುದು ತಪ್ಪಲ್ಲ. ನಾವು ನೋಡಬೇಕಾದದ್ದು ಇಷ್ಟೇ: ರೋಗಿಯ ಅನುಮಾನವನ್ನು ಜೀವಕ ಅವಮಾನ ಎಂದುಕೊಳ್ಳಲಿಲ್ಲ. ಆಕೆ ಮೋಸ ಹೋಗಿದ್ದವಳು, ಅವಳ ಅನುಮಾನಕ್ಕೆ ಕಾರಣವಿತ್ತು. ಅದನ್ನು ಒಪ್ಪಿಕೊಂಡು ನಷ್ಟದ ಭಯವನ್ನು ತನ್ನ ತಲೆಯ ಮೇಲೆ ಹಾಕಿಕೊಂಡ. ಪ್ರಶ್ನೆ ಕೇಳಿದರೆ ಸಿಡುಕದವರು, ಯೋಚಿಸಲು ಸಮಯ ಕೊಡುವವರು ಜೀವಕನ ಕಡೆಯವರು.

ಇಂಪ್ಲಾಂಟಿನ ಚರಿತ್ರೆಯೇ ಈ ತಾಳ್ಮೆಯ ಪಾಠ. ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲದ ಮೂಳೆಗೆ ಟೈಟಾನಿಯಂ ಬಿಡಿಸಲಾಗದಂತೆ ಅಂಟಿಕೊಂಡಿದ್ದನ್ನು ಗಮನಿಸಿದರು. ಮೊದಲ ಮನುಷ್ಯನ ದವಡೆಗೆ ಅದನ್ನು ಹಾಕಿದ್ದು 1965ರಲ್ಲಿ. ಕಂಡುಹಿಡಿದವರೇ 13 ವರ್ಷ ಕಾದರು. ನಮಗೆ ಈ ವಾರದ ರಿಯಾಯಿತಿ ತಪ್ಪುತ್ತದೆ ಎಂದು ಅವಸರ.

ಕೊನೆಗೆ ತಮ್ಮನಿಗೆ ಏನು ಹೇಳಿದೆ? ಚಂಕಿ ಸುತ್ತದಲ್ಲಿ ಸತ್ಯವನ್ನು ಕಾಪಾಡುವುದು ಎಂಬ ಮಾತಿದೆ. ನಂಬಿಕೆಯನ್ನು ನಂಬಿಕೆ ಎಂದು, ಕೇಳಿದ್ದನ್ನು ಕೇಳಿದ್ದು ಎಂದು ಹೇಳಿ, ಇದೇ ಸತ್ಯ ಎಂದು ತೀರ್ಮಾನ ಕೊಡದಿದ್ದರೆ ಸತ್ಯವನ್ನು ಕಾಪಾಡಿದಂತೆ. ಹಾಗೆಯೇ ಮೂರು ಭಾಗ ಮಾಡಿ ಬರೆದು ಕಳಿಸಿದೆ: ನಾನು ಕಣ್ಣಾರೆ ನೋಡಿದ್ದು, ಬೇರೆಯವರಿಂದ ಕೇಳಿದ್ದು, ನನಗೆ ಗೊತ್ತಿಲ್ಲದ್ದು. ಮೂರನೆಯದೇ ಉದ್ದವಾಗಿತ್ತು. ಜೊತೆಗೆ ಅವನೇ ಕೇಳಬೇಕಾದವು: ರಾಜ್ಯ ದಂತ ವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಎಂಡಿಎಸ್ ಯಾವ ವಿಭಾಗದಲ್ಲಿ? ನಮ್ಮ ದೇಶದಲ್ಲಿ ಇಂಪ್ಲಾಂಟ್‌ಗೆಂದೇ ಪ್ರತ್ಯೇಕ ಎಂಡಿಎಸ್ ಇಲ್ಲ, ಕೃತಕ ದಂತ, ವಸಡು, ದವಡೆ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಓದಿದವರೂ, ಬಿಡಿಎಸ್ ಮುಗಿಸಿ ತರಬೇತಿ ಪಡೆದವರೂ ಮಾಡುತ್ತಾರೆ. ಇಂಥದ್ದು ಎಷ್ಟು ಮಾಡಿದ್ದೀರಿ, ಕೆಟ್ಟರೆ ಏನು ಮಾಡುತ್ತೀರಿ? ಪೂರ್ತಿ ಖರ್ಚು ಬರೆದು ಕೊಡುತ್ತೀರಾ? ಇಂಪ್ಲಾಂಟಿನ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಚೀಟಿ ಕೊಡುತ್ತೀರಾ? ಒಂದು ಕಂಪನಿಯ ಭಾಗ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಆ ಚೀಟಿ ಇಲ್ಲದಿದ್ದರೆ ಮಸ್ಕತ್‌ನ ಡಾಕ್ಟರು ಕೈಚೆಲ್ಲಬೇಕಾಗುತ್ತದೆ.

ತಮ್ಮನಿಗೆ ಸಿಟ್ಟು ಬಂತು. "ಒಂದು ಹೆಸರು ಹೇಳಣ್ಣ ಅಂದ್ರೆ ಪಾಠ ಮಾಡ್ತೀಯಲ್ಲ" ಅಂದ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿ, ಅಲ್ಲಿಯ ಡಾಕ್ಟರಿಗೂ ಇವೇ ಪ್ರಶ್ನೆ ಕೇಳಿದೆ ಎಂದ. ಇನ್ನೂ ತೀರ್ಮಾನ ಮಾಡಿಲ್ಲ. ಮಾಡಿದಾಗ ಅದು ಅವನದೇ ತೀರ್ಮಾನ ಆಗಿರುತ್ತದೆ.

ಪ್ರೀತಿಯಿಂದ "ನೀನು ಹೇಳಿದ್ರೆ ಸಾಕು" ಎನ್ನುವವರಿಗೆ, ನನಗೆ ಇಷ್ಟೇ ಗೊತ್ತು ಎಂದು ಹೇಳುವುದು ಕಷ್ಟ. ಪ್ರೀತಿ ಕಡಿಮೆಯಾಯಿತೇನೋ ಅನ್ನಿಸುತ್ತದೆ. ಆದರೆ ಸಮ್ಮಾ ವಾಚಾ ಎಂದರೆ ಸುಳ್ಳು ಹೇಳದಿರುವುದು ಮಾತ್ರವಲ್ಲ, ಕಾಣದ್ದನ್ನು ಕಂಡವರಂತೆ ಹೇಳದಿರುವುದೂ ಹೌದು.

ಇವತ್ತಿನ ಅಭ್ಯಾಸ: ಯಾರಿಗಾದರೂ ಒಂದು ಹೆಸರು ಸೂಚಿಸುವಾಗ, ಡಾಕ್ಟರಾಗಲಿ, ಶಾಲೆಯಾಗಲಿ, ಸಂಬಂಧವಾಗಲಿ, ಜೊತೆಗೆ ಒಂದು ಮಾತು ಸೇರಿಸಿ: ನಾನು ನೋಡಿದ್ದೇನೆ, ಅಥವಾ ಕೇಳಿದ್ದೇನೆ ಅಷ್ಟೇ.

ನಮೋ ಬುದ್ಧಾಯ. ಜೈ ಭೀಮ್.